ಊನವಿಲ್ಲದ ಬಿಲ್ಲೆ

ಬೆಳಗಾವಿಯ ಶಿವಲೀಲಾ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅವಳ ಅಪ್ಪ ಮಲ್ಲಪ್ಪನಿಗೆ ಫೌಂಡ್ರಿಯೊಂದರಲ್ಲಿ ಕಬ್ಬಿಣ ಕರಗಿಸುವ ಕುಲುಮೆಯ ಮುಂದೆ ಕೆಲಸ. ಅಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಂದದ್ದು ಗೊತ್ತಾಗುವಷ್ಟರಲ್ಲಿ ಮನುಷ್ಯ ನೆಲಕ್ಕೆ ಬಿದ್ದಿರುತ್ತಾನೆ. ಮಲ್ಲಪ್ಪ ಆ ವರ್ಷ ಎರಡು ಸಲ ಹಾಗೆ ಬಿದ್ದಿದ್ದ. ಇನ್ನೊಮ್ಮೆ ಬಿದ್ದರೆ ಏಳುತ್ತಾನೋ ಇಲ್ಲವೋ ಎಂದು ಮಗಳಿಗೆ ಭಯ.

ಅದಕ್ಕೇ ಅವಳು ಅನಿಲ ಬಂದ ಕೂಡಲೇ ಕೂಗುವ ಯಂತ್ರ ಮಾಡಲು ಹೊರಟಳು. ಅದರೊಳಗೆ ತವರದ ಆಕ್ಸೈಡಿನ ಒಂದು ಪುಟ್ಟ ಬಿಲ್ಲೆ. ಅನಿಲದ ಕಣಗಳು ಬಿಲ್ಲೆಯ ಮೈಗೆ ಬಂದು ಕೂತರೆ ಯಂತ್ರ ಕೂಗಬೇಕು. ಗುರುವಾರ ಪರೀಕ್ಷೆಗೆ ಬನ್ನಿ ಎಂದು ಫೌಂಡ್ರಿಯ ಮ್ಯಾನೇಜರ್ ಒಪ್ಪಿದ್ದ. ಕೂಗಿದರೆ ಕುಲುಮೆಯ ಪಕ್ಕ ಹಾಕಿಸುತ್ತಾನೆ, ಇಲ್ಲದಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು.

ಪ್ರಯೋಗಾಲಯದಲ್ಲಿ ಅನಿಲ ಬಿಟ್ಟು ನೋಡಿದಾಗ ಮೊದಲ ಬಿಲ್ಲೆ ಕೂಗಿತು, ಆದರೆ ಸಣ್ಣಗೆ. ಪರೀಕ್ಷಿಸಿ ನೋಡಿದರೆ ಅದರ ಮೈಮೇಲೆ ಅಲ್ಲಲ್ಲಿ ಆಕ್ಸಿಜನ್ ಪರಮಾಣುಗಳೇ ಇಲ್ಲ, ಜಾಗ ಖಾಲಿ. ಶಿವಲೀಲಾ ಎಷ್ಟೆಂದರೂ ಫೌಂಡ್ರಿಯವರ ಮಗಳು. ಎರಕದಲ್ಲಿ ಒಂದು ತೂತು ಕಂಡರೂ ಮತ್ತೆ ಕುಲುಮೆಗೆ ಹಾಕುವುದು ಅವರ ಮನೆಯ ಧರ್ಮ. ಬಿಲ್ಲೆಯನ್ನು ಆಕ್ಸಿಜನ್‌ನಲ್ಲಿಟ್ಟು ಚೆನ್ನಾಗಿ ಕಾಯಿಸಿದಳು. ಖಾಲಿ ಜಾಗಗಳು ತುಂಬಿದವು, ಕೂಗು ಇನ್ನೂ ತಗ್ಗಿತು. ಮತ್ತೆ ಕಾಯಿಸಿದಳು. ಈಗ ಬಿಲ್ಲೆಯಲ್ಲಿ ಹುಡುಕಿದರೂ ಊನವಿಲ್ಲ, ಕೂಗೂ ಇಲ್ಲ!

ಅವಳಿಗೆ ತಲೆಬುಡ ತಿಳಿಯಲಿಲ್ಲ. ವೈರು ಬದಲಿಸಿದಳು, ಬ್ಯಾಟರಿ ಬದಲಿಸಿದಳು. ಮಂಗಳವಾರ ಶುರುಮಾಡಿದ್ದೇ ತಪ್ಪಾಯಿತೇನೋ ಎಂದೂ ಅನ್ನಿಸಿತು. ವಿಜ್ಞಾನ ಓದಿದವರಿಗೂ ಕಷ್ಟ ಬಂದಾಗ ಪಂಚಾಂಗ ನೆನಪಾಗುತ್ತದೆ, ನಗಬೇಡಿ.

ಕೊನೆಗೆ ತನ್ನ ಗುರು ನಡುವಿನಮನಿ ಮೇಡಂ ಹತ್ತಿರ ಹೋದಳು. "ಮೇಡಂರೀ, ತಿದ್ದಿದಷ್ಟೂ ಕೆಡಾಕತ್ತೈತ್ರಿ."

ಮೇಡಂ ನಕ್ಕರು. "ತುಂಬಿದ ಬಸ್ಸಿನ್ಯಾಗ ಹೊಸಬರು ಎಲ್ಲಿ ಕೂಡಬೇಕವಾ? ಕಣ ಬಂದು ಕೂಡೂದು ಆ ಖಾಲಿ ಜಾಗಾದಾಗ. ನೀ ಎಲ್ಲಾ ಸೀಟು ತುಂಬಿಸಿಬಿಟ್ಟಿ."

"ಹಂಗಾದ್ರ ಊನಾನ ಛಲೋ ಏನ್ರೀ?"

"ಹಂಗಲ್ಲ. ಬರೇ ಊನಾನ ಆದ್ರ ಬಿಲ್ಲೆ ಉಳಿಯೂದಿಲ್ಲ. ಯಾವ ಊನ ಏನ್ ಕೆಲಸ ಮಾಡತೈತಿ, ಮೊದಲ ಅದನ್ನ ಕೇಳು. ಆಮ್ಯಾಲೆ ತಿದ್ದು."

ಶಿವಲೀಲಾಗೆ ಅರ್ಧ ತಿಳಿಯಿತು, ಅರ್ಧ ಇಲ್ಲ. ಆದರೂ ಹೊಸ ಬಿಲ್ಲೆ ಮಾಡಿ, ಈ ಸಲ ಖಾಲಿ ಜಾಗಗಳು ಉಳಿಯಲೆಂದು ಆಕ್ಸಿಜನ್ ಕಡಿಮೆ ಮಾಡಿ ಕಾಯಿಸಿದಳು.

ಗುರುವಾರ ಬಂತು. ಕುಲುಮೆಯ ಪಕ್ಕ ಯಂತ್ರ ಇಟ್ಟರು. ಪರೀಕ್ಷೆಗೆಂದು ತಂದ ಅನಿಲದ ಸಿಲಿಂಡರಿಗೆ ಮ್ಯಾನೇಜರ್ ಇನ್ನೂ ಕೈ ಹಚ್ಚಿರಲಿಲ್ಲ, ಯಂತ್ರ ಕಿರುಚತೊಡಗಿತು.

"ಅನಿಲಾನ ಬಿಟ್ಟಿಲ್ಲ, ಸುಮ್ಮಸುಮ್ನ ಒದರತೈತಲ್ಲ!" ಎಂದ ಮ್ಯಾನೇಜರ್. "ಕೆಟ್ಟೈತಿ ಇದು. ಬಂದ್ ಮಾಡ್ರಿ."

ಕೆಲಸಗಾರರು ನಕ್ಕರು. ಶಿವಲೀಲಾಗೆ ನಾಚಿಕೆಯಿಂದ ಅಳುವೇ ಬಂತು. ಬಂದ್ ಮಾಡಲು ಗುಂಡಿಯ ಮೇಲೆ ಬೆರಳಿಟ್ಟಳು. ಅಲ್ಲೇ ತಡೆದಳು. ಇದು ತಪ್ಪು ಮಾಡುತ್ತಿದೆಯೋ, ಏನಾದರೂ ಹೇಳುತ್ತಿದೆಯೋ? ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದೇ ಬೆರಳು ತೆಗೆದಳು.

"ಅಪ್ಪಾ, ಹೊರಗ ಬಾ! ಎಲ್ಲಾರೂ ಹೊರಗ ಬರ್ರಿ!"

ಗೊಣಗುತ್ತ ಎಲ್ಲರೂ ಬಂದರು. ಕೊನೆಯವನಾಗಿ ಬಂದ ಮಲ್ಲಪ್ಪ ಗೋಡೆ ಹಿಡಿದು ಕೂತ. "ತಲಿ ಗಿರ್ ಅನ್ನಾಕತ್ತೈತಿ ಯವ್ವಾ," ಎಂದ. ಗಾಳಿ ತಾಕಿದ ಮೇಲೆ ಸುಧಾರಿಸಿಕೊಂಡ. ಆಮೇಲೆ ನೋಡಿದರೆ ಕುಲುಮೆಯ ಹೊಗೆಕೊಳವೆ ಬಿರುಕು ಬಿಟ್ಟಿತ್ತು, ಅನಿಲ ಆಗಲೇ ಅಲ್ಲಿ ತುಂಬಿಕೊಳ್ಳುತ್ತಿತ್ತು.

ಮ್ಯಾನೇಜರ್ ಸಿಲಿಂಡರನ್ನು ತೆರೆಯದೆಯೇ ಯಂತ್ರವನ್ನು ಕುಲುಮೆಯ ಪಕ್ಕ ಹಾಕಿಸಿದ.

ನೀತಿ: ಕಣ್ಣಿಗೆ ಕಂಡ ಊನವನ್ನೆಲ್ಲ ಅವಸರದಲ್ಲಿ ತಿದ್ದಬೇಡಿ, ಅದರ ಬಾಯಿ ಮುಚ್ಚಿಸಬೇಡಿ. ಅದು ಯಾವ ಕೆಲಸ ಮಾಡುತ್ತಿದೆ ಎಂದು ಮೊದಲು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ, ಗೊತ್ತಾಗುವವರೆಗೆ ಕೈ ತಡೆಯುವುದೇ ಜಾಣತನ.