ಮುನ್ನೂರು ವರ್ಷದ ತಂಬಿಗೆ

ನಮ್ಮೂರ ವಾಚನಾಲಯದವರು ಹಳೆಯ ವಸ್ತುಗಳ ಪ್ರದರ್ಶನ ಇಟ್ಟಿದ್ದರು. ನೂರು ವರ್ಷ ದಾಟಿದ್ದು ಪುರಾತನ, ಅದಕ್ಕೆ ಗಾಜಿನ ಕಪಾಟು. ದಾಟದ್ದು ಬರೀ ಹಳೆಯದು, ಅದಕ್ಕೆ ಹೊರಗಿನ ಮೇಜು. ವಿಂಗಡಿಸುವ ಕೆಲಸ ಗುಮಾಸ್ತನದು.

ವಾಚನಾಲಯದ ಅಧ್ಯಕ್ಷ, ಎಪ್ಪತ್ತರ ಮುರಿಗೆಪ್ಪನವರು ಕಪ್ಪುಗಟ್ಟಿದ ಹಿತ್ತಾಳೆ ತಂಬಿಗೆಯೊಂದನ್ನು ತಂದರು.

"ಮುನ್ನೂರು ವರ್ಷದ್ದು ಅಂತ ಚೀಟಿ ಬರದು ಕಪಾಟಿನ್ಯಾಗ ಇಡು. ಇಲ್ಲಾಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

"ಆಗಲ್ರಿ ಸಾಹುಕಾರ್ರ. ತೊಳದು ಇಡ್ತೀನ್ರಿ," ಎಂದ ಗುಮಾಸ್ತ.

ಉಡುಗೊರೆಯ ಪಾತ್ರೆಗೆ ಹೆಸರು ಕೊರೆಸದ ಮನೆ ನಮ್ಮಲ್ಲಿಲ್ಲ. ಅದು ಅವನಿಗೆ ಗೊತ್ತಿತ್ತು. ನೆರೆದವರ ಎದುರೇ ಹುಣಸೆಹಣ್ಣು ಹಚ್ಚಿ ತಿಕ್ಕಿದ. ಕಂಠದ ಕೆಳಗೆ ಚುಕ್ಕಿ ಅಕ್ಷರಗಳು ಎದ್ದವು. ನಿಧಾನವಾಗಿ ಓದಿದ:

"ಚಿರಂಜೀವಿ ಮುರಿಗೆಪ್ಪನ ತೊಟ್ಟಿಲಿಗೆ, ಸೋದರಮಾವ ಬಸಲಿಂಗಪ್ಪನಿಂದ."

"ಹೌದು, ನಾನ ಕೊಟ್ಟಿದ್ದು," ಎಂದರು ಮುಂದೆ ಕೂತಿದ್ದ ತೊಂಬತ್ತರ ಬಸಲಿಂಗಪ್ಪನವರು.

ಗುಮಾಸ್ತ ಪೆನ್ನು ತೆರೆದ. "ಚೀಟಿ ಹ್ಯಾಂಗ ಬರೀಲ್ರಿ? ತಂಬಿಗಿಗೆ ಮುನ್ನೂರಾದ್ರ ತಮಗೂ ಮುನ್ನೂರು. ಇಬ್ಬರನ್ನೂ ಕಪಾಟಿನ್ಯಾಗ ಇಡಬೇಕಾಗ್ತದ."

ಮುರಿಗೆಪ್ಪನವರು ತಾವೇ ತಂಬಿಗೆಯನ್ನೆತ್ತಿ ಹೊರಗಿನ ಮೇಜಿನ ಮೇಲಿಟ್ಟರು.

ಗುಮಾಸ್ತ ಚೀಟಿ ಅಂಟಿಸಿದ: "ಎಪ್ಪತ್ತು ವರ್ಷದ್ದು. ಇನ್ನೂ ಗಟ್ಟಿಮುಟ್ಟಾಗಿದೆ, ಹೊಳಪು ಕುಂದಿಲ್ಲ."

ಓದಿದ ಮುರಿಗೆಪ್ಪನವರು ಮೀಸೆ ತಿರುವಿದರು. "ನಾಳಿ ಲಗೂನ ಬಾ," ಎಂದರು.