ಕಾರಿನ ಬಾಯಿಗೆ ಜಾಲರಿ

ಹರಿಹರದಾಚೆ, ತುಂಗಭದ್ರೆಯ ದಂಡೆಯ ಮೇಲೆ, ನಾಗಲಿಂಗಾಚಾರ್ ಎಂಬ ಗುರುಗಳಿದ್ದರು. ಅವರ ಆಶ್ರಮಕ್ಕೆ ತಗಡಿನ ಮಾಡು, ಮೂರು ಗೋಡೆ, ಒಂದು ವೆಲ್ಡಿಂಗ್ ಯಂತ್ರ. ತಾವು ಗುರುಗಳೆಂಬುದು ಅವರಿಗೆ ಗೊತ್ತಿರಲಿಲ್ಲ. ಗೇಟು, ಕಿಟಕಿ ಮಾಡಿಕೊಂಡಿದ್ದರು.

ಶಿಷ್ಯನ ಹೆಸರು ಶ್ರೀಕಂಠಯ್ಯ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ವಯಸ್ಸಿನಲ್ಲಿ ಗುರುಗಳಿಗಿಂತ ಎರಡು ವರ್ಷ ಹಿರಿಯರು.

ಅವರು ಒಂಬತ್ತು ವರ್ಷದಿಂದ ಒಂದು ಕಾರು ಜೋಡಿಸುತ್ತಿದ್ದರು. ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬರುವ, ನಾವೇ ಕೂಡಿಸಿಕೊಳ್ಳಬೇಕಾದ ಕಾರು. ಮೈ ಫೈಬರಿನದು. ಮೇಲೆ ಮುಚ್ಚಿಗೆಯಿಲ್ಲ. ಸೀಟು ಎರಡೇ.

ಕಾರು ಈಗ ಆಚಾರ್ರ ಶೆಡ್ಡಿನಲ್ಲಿ ನಿಂತಿತ್ತು. ಓಡುತ್ತಿತ್ತು, ಬ್ರೇಕು ಒತ್ತಿದರೆ ನಿಲ್ಲುತ್ತಿತ್ತು. ಇಲ್ಲದ್ದು ಒಂದೇ, ಮುಂದಿನ ಬಾಯಿಗೆ ಜಾಲರಿ.

ಗಾಳಿ ಹೋಗಲೆಂದು ಇಂಥ ಕಾರಿನ ಮೂತಿಯಲ್ಲಿ ಅಗಲವಾದ ಬಾಯಿ ಬಿಟ್ಟಿರುತ್ತಾರೆ. ಅದರ ಹಿಂದೆಯೇ ರೇಡಿಯೇಟರ್. ಜಾಲರಿ ಇಲ್ಲದಿದ್ದರೆ ರಸ್ತೆಯ ಕಲ್ಲು ಸಿಡಿದು ರೇಡಿಯೇಟರ್ ತೂತು. ಅಂಗಡಿಯಲ್ಲಿ ಕೇಳಿದರೆ ಯಾವ ಕಾರಿನದು ಎನ್ನುತ್ತಾರೆ. ಜಿಲ್ಲೆಯಲ್ಲಿ ಅಂಥ ಕಾರು ಇದ್ದದ್ದು ಅದೊಂದೇ.

ಬುಧವಾರ ಬೆಳಿಗ್ಗೆ ಶಿಷ್ಯ ಒಂದು ಪತ್ರ ಹಿಡಿದುಕೊಂಡು ಬಂದರು.

"ಆಚಾರ್ರೇ, ಶನಿವಾರದೊಳಗೆ ಜಾಲರಿ ಆಗಬೇಕು."

"ಒಂಬತ್ತು ವರ್ಷ ಇಲ್ಲದ ಅವಸರ?"

"ಮಾಲಿನಿ ಟೀಚರ್ ಸೋಮವಾರ ಕುಮಟೆ ಬಿಟ್ಟು ಹೋಗ್ತಿದ್ದಾರೆ."

ಮಾಲಿನಿ ನಾಡಕರ್ಣಿ ಅದೇ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಅವರಿಗೂ ಮದುವೆಯಾಗಿರಲಿಲ್ಲ, ಇವರಿಗೂ ಆಗಿರಲಿಲ್ಲ. ಈ ವಿಷಯ ಇಡೀ ಶಾಲೆ ಗಮನಿಸಿತ್ತು, ಇವರಿಬ್ಬರನ್ನು ಬಿಟ್ಟು. ಸ್ವಂತ ಊರು ಕುಮಟೆಗೆ ವರ್ಗವಾದ ದಿನ ಅವರು ಶ್ರೀಕಂಠಯ್ಯ ಬರೆದಿದ್ದ ಕಾರಿನ ಚಿತ್ರ ನೋಡಿ, "ಇದು ರೆಡಿಯಾದ ಮೇಲೆ ತಗೊಂಡು ಬನ್ನಿ ಸರ್, ಕಡಲ ದಂಡೇಲಿ ಒಂದು ಸುತ್ತು ಹೋಗೋಣ" ಎಂದಿದ್ದರು.

ಆಗ ಇದ್ದದ್ದು ಚಿತ್ರ ಮಾತ್ರ. ಶ್ರೀಕಂಠಯ್ಯ ಮರುದಿನವೇ ಪೆಟ್ಟಿಗೆಗಳಿಗೆ ಆರ್ಡರ್ ಕೊಟ್ಟರು.

ಪ್ರತಿ ಯುಗಾದಿಗೂ ಒಂದು ಕಾರ್ಡು ಬರೆಯುತ್ತಿದ್ದರು. ಎಂಜಿನ್ ಕೂರಿಸಿದೆ. ಸ್ಟೀರಿಂಗ್ ತಿರುಗುತ್ತಿದೆ. ಆ ಕಡೆಯಿಂದ ಉತ್ತರ ಬರುತ್ತಿತ್ತು: ಸಂತೋಷ, ಸಮುದ್ರ ಇದ್ದಲ್ಲೇ ಇದೆ.

ಈ ಸಲದ ಪತ್ರವನ್ನು ಆಚಾರ್ರು ಕನ್ನಡಕ ಏರಿಸಿ ಓದಿದರು. 'ಸೋಮವಾರ ವಡೋದರಾಕ್ಕೆ ಹೊರಟಿದ್ದೇನೆ. ಇನ್ನು ಅಣ್ಣನ ಮಗಳ ಮನೆಯಲ್ಲೇ ಇರುವುದು. ಅಲ್ಲಿ ಸಮುದ್ರ ಇಲ್ಲವಂತೆ.'

"ಕುಮಟೆಗೆ ಬಸ್ಸಿಲ್ವಾ ಮೇಷ್ಟ್ರೇ?"

"ಇದೆ."

"ಒಂಬತ್ತು ವರ್ಷದಲ್ಲಿ ಎಷ್ಟು ಸಲ ಹೋಗಿದ್ರಿ?"

"ಕಾರು ತಗೊಂಡು ಬನ್ನಿ ಅಂದಿದ್ರಲ್ಲ."

ಆಚಾರ್ರು ಕತ್ತರಿ ಕೊಟ್ಟರು. ಕಾರಿನ ಪ್ರತಿಯೊಂದು ಕೆಲಸವನ್ನೂ ತಾವೇ ಮಾಡಬೇಕೆಂಬುದು ಶಿಷ್ಯನ ವ್ರತ.

ಶ್ರೀಕಂಠಯ್ಯ ಬಾಯಿಯ ಬಲಭಾಗಕ್ಕೆ ರಟ್ಟು ಹಿಡಿದು ಗೆರೆ ಎಳೆದರು. ರಟ್ಟನ್ನು ನಡುವೆ ಮಡಚಿ, ಆ ಗೆರೆಯ ಮೇಲೆ ಕತ್ತರಿಸಿ ಬಿಡಿಸಿದರು. ಕಮಲದ ಚಿತ್ರವನ್ನು ಮಕ್ಕಳಿಗೆ ಹಾಗೆಯೇ ಕಲಿಸಿದ್ದರು. ಆ ಅಳತೆಗೆ ಜಾಲರಿ ಕತ್ತರಿಸಿ ಕೂರಿಸಿದರು.

ಬಲಗಡೆ ಸರಿಯಾಗಿ ಕೂತಿತು. ಎಡಗಡೆ ಒಂದು ಬೆರಳು ಹೋಗುವಷ್ಟು ಸಂದಿ.

"ಎಡಗಡೆ ಅಳೆದ್ರಾ?" ಗುರುಗಳು ಕೇಳಿದರು.

"ಅಳೆಯೋದೇನು? ಬಲಗಡೆ ಇದ್ದ ಹಾಗೇ ಅಲ್ವಾ ಎಡಗಡೆ?"

"ಯಾರು ಹೇಳಿದ್ದು?"

"ಅದು ನಿಯಮ, ಆಚಾರ್ರೇ."

"ಫೈಬರ್ ಎರಕ ಹೊಯ್ದವನು ನಿಮ್ಮ ಕ್ಲಾಸಿಗೆ ಬಂದಿರಲಿಲ್ಲ ಅನ್ಸುತ್ತೆ."

ಶಿಷ್ಯ ತಲೆ ತಗ್ಗಿಸಿದರು. ಗುರುಗಳು ಬೀಡಿ ಹಚ್ಚಿದರು.

"ಟೀಚರಮ್ಮ ನಿಮಗೆ ಕಾಯ್ತಿದ್ದಾರೆ ಅಂತ ಯಾವಾಗ್ಲೂ ಅಂತೀರಲ್ಲ, ಅದು ಹೇಗೆ ಗೊತ್ತು?"

"ಅಲ್ಲ, ನಾನು ಕಾಯ್ತಿದ್ದೀನಲ್ಲ..."

ಗುರುಗಳು ನೆಲದ ಮೇಲಿದ್ದ ರಟ್ಟನ್ನು ಎತ್ತಿಕೊಂಡರು. ಮಡಚಿದರು. ಬಿಡಿಸಿದರು. ಶಿಷ್ಯನ ಕೈಗೆ ಕೊಟ್ಟರು.

ಶ್ರೀಕಂಠಯ್ಯ ಆ ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ. ಹೊಳೆಯ ಕಡೆ ಮುಖ ಮಾಡಿ ಕೂತಿದ್ದರು. ಇಷ್ಟು ವರ್ಷ ಅವರಿಗೆ ಹೊಳೆಯುತ್ತಿದ್ದದ್ದು ಒಂದೇ ಚಿತ್ರ: ಕುಮಟೆಯ ಮನೆಯ ಮೆಟ್ಟಿಲ ಮೇಲೆ ಮಾಲಿನಿ ಟೀಚರ್, ಕಾರು ಬರುವ ದಾರಿ ನೋಡುತ್ತಾ. ಈಗ ಅದೇ ಮೆಟ್ಟಿಲ ಮೇಲೆ ಅವರು ಬೇರೆ ಏನೇನೋ ಮಾಡುತ್ತಿದ್ದರು. ಅಕ್ಕಿ ಆರಿಸುತ್ತಿದ್ದರು. ಯಾರೊಂದಿಗೋ ನಗುತ್ತಿದ್ದರು. ಒಂದು ಸಲ ಮೆಟ್ಟಿಲೇ ಖಾಲಿ ಇತ್ತು.

ಗುರುವಾರ ಎರಡೂ ಕಡೆ ಅಳೆದು ಎರಡನೆಯ ಜಾಲರಿ ಮಾಡಿದರು. ಈ ಸಲ ಸಂದಿ ಇರಲಿಲ್ಲ. ಆದರೆ ಕಣ್ಣು ಎಷ್ಟು ಸಣ್ಣದೆಂದರೆ ಸೊಳ್ಳೆ ಬಂದರೂ ವಾಪಸ್ ಹೋಗಬೇಕು.

"ಇಷ್ಟು ಸಣ್ಣ ಕಣ್ಣು ಯಾಕೆ?"

"ಕಲ್ಲು ಬರಬಾರದು. ಧೂಳು ಬರಬಾರದು. ಹುಳ ಬರಬಾರದು."

ಗುರುಗಳು ಬೆಂಕಿಕಡ್ಡಿ ಗೀರಿ ಜಾಲರಿಯ ಆಚೆ ಹಿಡಿದರು. "ಈ ಕಡೆಯಿಂದ ಊದಿ."

ಶಿಷ್ಯ ಊದಿದರು. ಉರಿ ಸ್ವಲ್ಪ ಅಲುಗಿತು. ಮತ್ತೆ ಊದಿದರು, ಮುಖ ಕೆಂಪಾಯಿತು. ಕಡ್ಡಿ ತನ್ನ ಪಾಡಿಗೆ ಉರಿದು ಗುರುಗಳ ಬೆರಳು ಸುಟ್ಟಿತು.

"ಘಟ್ಟ ಇಳಿಯೋದ್ರೊಳಗೆ ಕಾರು ಕುದಿಯುತ್ತೆ" ಎಂದರು ಗುರುಗಳು, ಬೆರಳನ್ನು ಬಾಯಲ್ಲಿಟ್ಟುಕೊಂಡು. "ಏನೂ ಒಳಗೆ ಬರಬಾರದು ಅಂದ್ರೆ ಗೋಡೆ ಕಟ್ಟಬೇಕಿತ್ತು. ಗೋಡೆಗೆ ನನ್ನ ಹತ್ರ ಯಾಕೆ ಬಂದ್ರಿ?"

ಶುಕ್ರವಾರ ಮೂರನೆಯದು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ವಜ್ರದಾಕಾರದ ಕಣ್ಣು. ಅಂಚನ್ನು ಒಳಗೆ ಮಡಚಿ, ಬಾಯಿಯ ಬಾಗಿಗೆ ತಕ್ಕಂತೆ ಮೊಣಕಾಲ ಮೇಲಿಟ್ಟು ಬಗ್ಗಿಸಿ, ಒಳಗಿನಿಂದ ನಾಲ್ಕು ಬೋಲ್ಟು. ಗುರುಗಳು ಸುತ್ತ ಬೆರಳಾಡಿಸಿದರು. ಎಲ್ಲೂ ತಡೆಯಲಿಲ್ಲ.

"ಆಯ್ತು" ಎಂದರು.

ಶಿಷ್ಯ ಆಗಲೇ ಎದುರು ಕುಕ್ಕರುಗಾಲಲ್ಲಿ ಕೂತು ಕಣ್ಣುಗಳನ್ನು ಎಣಿಸುತ್ತಿದ್ದರು.

"ಬಲಗಡೆಗಿಂತ ಎಡಗಡೆ ಅರ್ಧ ಕಣ್ಣು ಜಾಸ್ತಿ ಇದೆ, ಆಚಾರ್ರೇ. ಇನ್ನೊಂದು ಮಾಡ್ತೀನಿ. ಆಮೇಲೆ ಕಪ್ಪು ಬಣ್ಣ, ಮೂರು ಕೋಟು. ದಿನಕ್ಕೊಂದು ಕೋಟು ಅಂದ್ರೂ ಸೋಮವಾರ ಸಂಜೆಗೆ ಒಣಗುತ್ತೆ."

"ಟೀಚರಮ್ಮನ ರೈಲು?"

"ಸೋಮವಾರ ಬೆಳಿಗ್ಗೆ."

ಗುರುಗಳು ಕತ್ತರಿಸಿ ಉಳಿದ ಜಾಲರಿಯ ಚೂರುಗಳನ್ನು ಒಟ್ಟುಮಾಡತೊಡಗಿದರು.

"ಪತ್ರ ಬರೆಯೋಣ ಅಂತಿದ್ದೀನಿ" ಎಂದರು ಶಿಷ್ಯ, ನೆಲ ನೋಡುತ್ತಾ. "ಬಣ್ಣ ಒಣಗಿದ ಮೇಲೆ ವಡೋದರಾಕ್ಕೇ ಹೋದರಾಯ್ತು."

"ಮೇಷ್ಟ್ರೇ, ಹೆದರಿಕೆನಾ?"

ಶ್ರೀಕಂಠಯ್ಯ ಜಾಲರಿಯ ಒಂದು ಕಣ್ಣಿಗೆ ಕಿರುಬೆರಳು ತೂರಿಸಿದರು. "ಕಾರು ರೆಡಿಯಾಗದೆ ಇರೋತನಕ, ಅವರು ಬೇಡ ಅನ್ನೋ ಹಾಗಿಲ್ಲ, ಆಚಾರ್ರೇ" ಎಂದರು.



ಶನಿವಾರ ಬೆಳಗಿನ ಜಾವ ಶಿಷ್ಯ ಬಣ್ಣದ ಡಬ್ಬಿ ಹಿಡಿದು ಬಂದಾಗ ಶೆಡ್ಡು ಖಾಲಿಯಾಗಿತ್ತು. ಹೊಳೆಯ ಏರಿಯ ಮೇಲೆ, ಒಂದು ಗಾಡಿ ಮಾತ್ರ ಹಿಡಿಸುವ ದಾರಿಯಲ್ಲಿ, ಕಾರು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಮೂತಿ ಪಶ್ಚಿಮಕ್ಕೆ. ಗುರುಗಳು ಸ್ಟೀರಿಂಗ್ ಹಿಡಿದು ಕೂತಿದ್ದರು.

"ಇದೇನು ಆಚಾರ್ರೇ! ಶೆಡ್ಡಿಗೆ ತನ್ನಿ!"

"ಇಲ್ಲಿ ತಿರುಗಿಸೋಕೆ ಜಾಗ ಇಲ್ಲ. ರಿವರ್ಸ್ ಹಾಕೋದು ನನಗೆ ಬರಲ್ಲ." ಗುರುಗಳು ಇಳಿದು ಬಾಗಿಲು ತೆರೆದು ಹಿಡಿದರು.

ಶ್ರೀಕಂಠಯ್ಯ ಹಿಂದೆ ನೋಡಿದರು, ಮುಂದೆ ನೋಡಿದರು. ಬಣ್ಣದ ಡಬ್ಬಿ ಕೆಳಗಿಟ್ಟು ಒಳಗೆ ಕೂತರು. ಪಕ್ಕದ ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. ಮತ್ತೊಮ್ಮೆ ಒರೆಸಿದರು. ಆದರೂ ಗೇರಿನ ಮೇಲೆ ಕೈ ಹೋಗಲಿಲ್ಲ.

"ಜಾಲರಿಗೆ ಬಣ್ಣ ಇಲ್ಲ, ಆಚಾರ್ರೇ. ಬರೀ ಕಬ್ಬಿಣ. ಕಡಲ ಗಾಳಿಗೆ ಎರಡೇ ದಿನದಲ್ಲಿ ತುಕ್ಕು ಹಿಡಿಯುತ್ತೆ."

ಗುರುಗಳು ಬಾಗಿಲು ಹಾಕಿದರು.

"ತುಕ್ಕು ಹಿಡಿಯೋಕಾದ್ರೂ ಕಡಲ ತನಕ ಹೋಗಬೇಕಲ್ಲ, ಮೇಷ್ಟ್ರೇ."