ಕಾನೂನು ಮೀರದ ಲಾರಿ

ಹುಬ್ಬಳ್ಳಿಯ ನೀಲಾಂಬಿಕೆ ಮೂರು ವರ್ಷ ನಿದ್ದೆಗೆಟ್ಟು ಮೊಬೈಲಿನಲ್ಲಿ ಲಾರಿ ಓಡಿಸುವ ಆಟವೊಂದನ್ನು ಮಾಡಿದ್ದಳು. ಮೊಬೈಲ್ ಆಟಗಳಿಗೆ ಒಪ್ಪಿಗೆ ಕೊಡುವ ಸೆನ್ಸಾರ್ ಸಾಹೇಬರು ಅದನ್ನು ತಡೆಹಿಡಿದರು.

"ಸಿಗ್ನಲ್ ಜಂಪ್ ಮಾಡೋದು, ಚೆಕ್‌ಪೋಸ್ಟಿನಲ್ಲಿ ಕೈ ಬಿಸಿ ಮಾಡೋದು, ಛೇ! ಆಟ ನೋಡಿ ಜನ ಕಲಿತುಬಿಡ್ತಾರೆ. ಕಾನೂನು ಮುರಿಯೋದೆಲ್ಲ ತೆಗೀರಿ!"

ಅವಳ ಮೈಯೆಲ್ಲ ಉರಿದುಹೋಯಿತು. ಆದರೂ ಒಂದೂ ಬಿಡದೆ ತೆಗೆದು, ವಾರದ ಮೇಲೆ ಆಟವನ್ನು ಅವರ ಮುಂದಿಟ್ಟಳು. "ನೀವ ಆಡಿ ನೋಡ್ರಿ, ಸರ್."

ಸಾಹೇಬರು ಲಾರಿ ಓಡಿಸಿದರು. ಚೆಕ್‌ಪೋಸ್ಟಿನಲ್ಲಿ ಗೇಟು ಬಿತ್ತು. 'ಕಾಗದಪತ್ರ ಪರಿಶೀಲನೆಯಲ್ಲಿದೆ, ಕಾಯಿರಿ' ಅಂತ ಬಂತು. ಅರ್ಧ ಗಂಟೆ ಕಾದರು. ಲಾರಿಯೊಳಗಿನ ಟೊಮೆಟೊ ಕೊಳೆಯತೊಡಗಿತು.

ಸಾಹೇಬರು ಮೇಜು ಗುದ್ದಿದರು. "ಚೆಕ್‌ಪೋಸ್ಟಿನವನ ಕೈಗೆ ಏನಾದ್ರೂ ತುರುಕಿ ಗೇಟು ಎತ್ತಿಸೋ ಬಟನ್ ಎಲ್ಲಿದೆಯಮ್ಮ?"

"ಅದನ್ನ ನೀವ ತೆಗೆಸೀರಲ್ರಿ, ಸರ್," ಎಂದಳು ನೀಲಾಂಬಿಕೆ. "ಆದ್ರ ಇದನ್ನ ನೀವು ಯಾವ ಆಟ ನೋಡಿ ಕಲಿತ್ರಿ?"